ಮುಂಬೈ–ಮಂಗಳೂರು 710 ಕಿಲೋಮೀಟರಾ, 890 ಕಿಲೋಮೀಟರಾ? ವಿಮಾನದಲ್ಲಿ ನಿಜವಾಗಿ ಎಷ್ಟು ಹೊತ್ತು?

ಡೊಂಬಿವಲಿ ಮಗಳು
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಊರಿಗೆ ಕರೆದುಕೊಂಡು ಹೋಗಬೇಕು. ಅವರಿಗೆ 76 ವರ್ಷ. ಹೋದ ವರ್ಷ ಎಡಗಾಲಿನ ಮಂಡಿಗೆ ಆಪರೇಷನ್ ಆಗಿದೆ. ನಮ್ಮ ಮನೆ ಕಿನ್ನಿಗೋಳಿ ಹತ್ತಿರ. ಬರುವ ತಿಂಗಳು ಕುಟುಂಬದ ದೈವಕ್ಕೆ ಕೋಲ ಇಟ್ಟಿದ್ದಾರೆ. ಮನೆಯ ಹಿರಿಯರು ಅವರೇ. ಅವರು ಇಲ್ಲದೆ ಆಗುವುದಿಲ್ಲ.

ಇಷ್ಟು ವರ್ಷ ನಾವು ರೈಲಿನಲ್ಲೇ ಹೋಗಿ ಬಂದವರು. ವಿಮಾನದ ಲೆಕ್ಕ ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಮುಂಬೈ–ಮಂಗಳೂರು 710 ಕಿಲೋಮೀಟರ್ ಅಂತ ಇದೆ, ಇನ್ನೊಂದು ಕಡೆ 890. ಒಂದು ಕಡೆ ವಿಮಾನಕ್ಕೆ 1 ಗಂಟೆ 5 ನಿಮಿಷ ಅಂತ ಬರೆದಿದ್ದಾರೆ. ಟಿಕೆಟ್ ನೋಡಿದರೆ 1 ಗಂಟೆ 35 ನಿಮಿಷ. ಯಾವುದನ್ನು ನಂಬುವುದು?

ಅಪ್ಪ ಒಂದೇ ಕಡೆ ಜಾಸ್ತಿ ಹೊತ್ತು ಕೂತರೆ ಕಾಲು ಬಿಗಿಯುತ್ತದೆ. ಆಮೇಲೆ ಎದ್ದು ನಿಲ್ಲುವುದೇ ಕಷ್ಟ. ಹಾಗಾಗಿ ಅರ್ಧ ಗಂಟೆಯ ವ್ಯತ್ಯಾಸವೂ ನನಗೆ ಮುಖ್ಯ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ಮುಲುಂಡ್ ಮೇಷ್ಟ್ರು
ಭಾನುವಾರ, ರಾತ್ರಿ 9:48

ಮಗಳೇ, ಎರಡೂ ಸರಿ. ಒಂದು ಹಕ್ಕಿ ಹಾರುವ ದೂರ. ಇನ್ನೊಂದು ನೆಲದ ಮೇಲೆ ನಾವು ಸವೆಸುವ ದೂರ.

ಮೂವತ್ತು ವರ್ಷ ರಾತ್ರಿ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುವ ನಮ್ಮೂರ ಹುಡುಗರಿಗೆ ಭೂಗೋಳ ಹೇಳಿಕೊಡುವಾಗ ಇದೇ ಲೆಕ್ಕ ಹಾಕಿಸುತ್ತಿದ್ದೆ. ನೀವೂ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಮುಂಬೈ ವಿಮಾನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 19.1 ಡಿಗ್ರಿಯಲ್ಲಿ. ಮಂಗಳೂರಿನದು ಹತ್ತಿರಹತ್ತಿರ 13 ಡಿಗ್ರಿ. ವ್ಯತ್ಯಾಸ 6.1. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ಅಲ್ಲಿಗೆ ದಕ್ಷಿಣಕ್ಕೆ 677 ಕಿಲೋಮೀಟರ್ ಆಯಿತು. ಮಂಗಳೂರು ಮುಂಬೈಗಿಂತ ಎರಡು ಡಿಗ್ರಿ ಪೂರ್ವಕ್ಕೆ ಇದೆ. ನಮ್ಮ ಕಡೆಯ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ 107 ಕಿಲೋಮೀಟರ್ ಹಿಡಿಯಿರಿ. ಪೂರ್ವಕ್ಕೆ 214. ಈಗ ಲಂಬಕೋನ ತ್ರಿಭುಜದ ಉದ್ದದ ಬದಿ ತೆಗೆಯಿರಿ. 710 ಬರುತ್ತದೆ.

ನಕ್ಷೆ ನೋಡಿದವರಿಗೆ ಇನ್ನೊಂದು ವಿಷಯ ಕಾಣುತ್ತದೆ. ನಮ್ಮ ಕರಾವಳಿ ಸರಿಯಾಗಿ ಉತ್ತರ–ದಕ್ಷಿಣ ಇಲ್ಲ, ಕೆಳಗೆ ಹೋದ ಹಾಗೆ ಪೂರ್ವಕ್ಕೆ ವಾಲುತ್ತದೆ. ಊರು ಮುಂಬೈಗೆ ನೇರ ಕೆಳಗೆ ಇದೆ ಅಂತ ತುಂಬಾ ಜನ ತಿಳಿದಿದ್ದಾರೆ.

890 ಅನ್ನುವುದು ಘಟ್ಟ, ಹೊಳೆ, ಕೊಲ್ಲಿ ಎಲ್ಲ ಸುತ್ತಿಕೊಂಡು ಹೋಗುವ ದಾರಿ. ರೈಲಿಗೂ ರಸ್ತೆಗೂ ಸ್ವಲ್ಪ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ.


ರನ್‌ವೇ ಪಕ್ಕದ ಮನೆ
ಭಾನುವಾರ, ರಾತ್ರಿ 10:25

ಅಕ್ಕ, ಸಮಯದ ಪ್ರಶ್ನೆಗೆ ನಾನು ಹೇಳುತ್ತೇನೆ. ಹನ್ನೆರಡು ವರ್ಷದಿಂದ ನಿಲ್ದಾಣದ ನೆಲದ ಕೆಲಸದಲ್ಲಿದ್ದೇನೆ. ಮನೆಯೂ ಕುರ್ಲಾ ಬದಿಯಲ್ಲೇ. ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೇ ಹೋಗುತ್ತವೆ.

ಟಿಕೆಟಿನಲ್ಲಿ ಬರೆದಿರುವುದು ಹಾರುವ ಸಮಯ ಅಲ್ಲ. ನಿಂತ ವಿಮಾನದ ಚಕ್ರಕ್ಕೆ ಅಡ್ಡ ಇಡುತ್ತೇವಲ್ಲ, ಅದಕ್ಕೆ ಚಾಕ್ ಅನ್ನುತ್ತೇವೆ. ಇಲ್ಲಿ ಚಾಕ್ ತೆಗೆದು ವಿಮಾನ ಕದಲಿದಾಗಿನಿಂದ ಅಲ್ಲಿ ಹೋಗಿ ನಿಂತು ಚಾಕ್ ಇಡುವವರೆಗಿನ ಸಮಯ ಅದು. ನಮ್ಮ ಭಾಷೆಯಲ್ಲಿ ಬ್ಲಾಕ್ ಟೈಮ್. ನೀವು ಇನ್ನೊಂದು ಕಡೆ ನೋಡಿದ 1 ಗಂಟೆ 5 ನಿಮಿಷ ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ. ಎರಡೂ ಸುಳ್ಳಲ್ಲ.

ಮಧ್ಯದ ಆ ಅರ್ಧ ಗಂಟೆ ಎಲ್ಲಿ ಹೋಗುತ್ತದೆ ಅಂದರೆ, ಜಾಸ್ತಿ ಪಾಲು ಮುಂಬೈಯಲ್ಲಿ. ಇಲ್ಲಿ ಎರಡು ರನ್‌ವೇ ಇವೆ, ಆದರೆ ಒಂದನ್ನೊಂದು ಕತ್ತರಿಯ ಹಾಗೆ ಅಡ್ಡ ಹಾಯುತ್ತವೆ. ಎರಡರಲ್ಲೂ ಒಟ್ಟಿಗೆ ವಿಮಾನ ಬಿಡುವ ಹಾಗಿಲ್ಲ. ಹಾಗಾಗಿ ಇಳಿಯುವುದು, ಏರುವುದು ಎಲ್ಲ ಒಂದೇ ಸಾಲಿನಲ್ಲಿ. ಬೆಳಿಗ್ಗೆ ಎಂಟರ ಹೊತ್ತಿಗೆ ನಿಮ್ಮ ಮುಂದೆ ಆರೇಳು ವಿಮಾನ ಸಾಲಿನಲ್ಲಿ ಇರಬಹುದು. ಕಂಪನಿಯವರು ಅದನ್ನೆಲ್ಲ ಲೆಕ್ಕ ಹಾಕಿಯೇ ಸಮಯ ಬರೆಯುತ್ತಾರೆ.

ಏರಿದ ಮೇಲೂ ನೇರ ಗೆರೆ ಹಿಡಿದು ಹೋಗುವುದಿಲ್ಲ. ಇಲ್ಲಿ ಹೆಚ್ಚಿನ ದಿನ ವಿಮಾನ ಪಶ್ಚಿಮಕ್ಕೆ ಏರುತ್ತದೆ. ಜುಹು ದಾಟಿ ಸಮುದ್ರದ ಮೇಲೆ ಹೋಗಿ ಎಡಕ್ಕೆ ತಿರುಗಿ ದಕ್ಷಿಣದ ದಾರಿ ಹಿಡಿಯುತ್ತದೆ. ಆಕಾಶದಲ್ಲೂ ಗುರುತು ಮಾಡಿದ ದಾರಿಗಳು ಇವೆ. 710ರ ಮೇಲೆ ಇನ್ನಷ್ಟು ಸೇರುತ್ತದೆ.

ಅಪ್ಪನಿಗೆ ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹಾಕಿ. ಅಲ್ಲಿ ಬಂದು ಕೇಳಿದರೆ ಕಾಯಬೇಕಾಗುತ್ತದೆ.


ಪೊವಾಯಿ ಹುಡುಗ
ಭಾನುವಾರ, ರಾತ್ರಿ 11:02

ನನಗೂ ಒಂದು ಸಂಶಯ. ನಾನು ಕೆಲಸದ ಮೇಲೆ ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗುತ್ತೇನೆ. ಬೆಂಗಳೂರು ನೇರ ದೂರ ಸುಮಾರು 830 ಕಿಲೋಮೀಟರ್. ಮಂಗಳೂರಿಗಿಂತ 120 ಜಾಸ್ತಿ. ಆದರೆ ಟಿಕೆಟಿನಲ್ಲಿ ಹತ್ತು ಹದಿನೈದು ನಿಮಿಷ ಮಾತ್ರ ಹೆಚ್ಚು ಇರುತ್ತದೆ. ಅದು ಹೇಗೆ?


ರನ್‌ವೇ ಪಕ್ಕದ ಮನೆ
ಭಾನುವಾರ, ರಾತ್ರಿ 11:20

ಜೆಟ್ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ 800 ಕಿಲೋಮೀಟರ್ ದಾಟುತ್ತದೆ. 120 ಕಿಲೋಮೀಟರ್ ಅದಕ್ಕೆ ಒಂಬತ್ತು ನಿಮಿಷದ ಕೆಲಸ. ಸಮಯ ಹೋಗುವುದು ಏರುವುದರಲ್ಲಿ, ಇಳಿಯುವುದರಲ್ಲಿ. ಮಂಗಳೂರಿನ ದಾರಿಯಲ್ಲಿ ಏರಲು ಇಪ್ಪತ್ತು ನಿಮಿಷ, ಇಳಿಯಲು ಇಪ್ಪತ್ತಕ್ಕಿಂತ ಸ್ವಲ್ಪ ಜಾಸ್ತಿ. ಪೂರ್ತಿ ವೇಗದಲ್ಲಿ ಓಡುವುದು ನಡುವಿನ ಇಪ್ಪತ್ತು ಇಪ್ಪತ್ತೈದು ನಿಮಿಷ ಅಷ್ಟೇ. ಅದಕ್ಕೇ ಹತ್ತಿರದ ಊರಿಗೆ ದೂರ ಭಾಗಿಸು ವೇಗ ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ.


ಮೀರಾ ರೋಡ್ ಹುಬ್ಬಳ್ಳಿ
ಸೋಮವಾರ, ಬೆಳಿಗ್ಗೆ 7:15

ಇದು ಖರೇ ಮಾತು ನೋಡ್ರಿ. ನಮ್ಮ ಹುಬ್ಬಳ್ಳಿ ನೇರ ದೂರ 475 ಕಿಲೋಮೀಟರ್ ಆಸುಪಾಸು. ಬೆಳಗಾವಿ ಇನ್ನೂ ಹತ್ತಿರ, 400. ಆದರೆ ಫ್ಯಾನ್ ಇರುವ ಸಣ್ಣ ವಿಮಾನ, ಅದೇ ಎಟಿಆರ್, ಹಾಕಿದರೆ ಅದರ ವೇಗ ಗಂಟೆಗೆ 500 ಕಿಲೋಮೀಟರ್. ಮಂಗಳೂರಿನವರು ಇಳಿಯುವ ಹೊತ್ತಿಗೇ ನಾವೂ ಇಳಿಯುತ್ತೇವೆ. ದೂರ ಕಡಿಮೆ, ಸಮಯ ಅಷ್ಟೇ. ಟಿಕೆಟ್ ತೆಗೆಯುವಾಗ ಯಾವ ವಿಮಾನ ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಎಟಿಆರ್ ಆದರೆ ಹಿಂದಿನ ಬಾಗಿಲಿನಿಂದ ಪುಟ್ಟ ಮೆಟ್ಟಿಲು ಹತ್ತಬೇಕು. ನಿಮ್ಮ ತಂದೆಯವರಿಗೆ ಅದು ತ್ರಾಸ ಆಗಬಹುದು.


ಕುರ್ಲಾ ಟು ಕುಂದಾಪುರ
ಸೋಮವಾರ, ಬೆಳಿಗ್ಗೆ 8:40

ಅಕ್ಕ, ಎಲ್ಲರೂ ವಿಮಾನದ ಲೆಕ್ಕ ಹೇಳುತ್ತಿದ್ದಾರೆ. ನಾನು ಒಂದು ಮಾತು ಕೇಳುತ್ತೇನೆ. ನಿಮ್ಮ ಅಪ್ಪನಿಗೆ ಕಷ್ಟ ಕೂರುವುದು ಅಲ್ವಾ? ಮತ್ಸ್ಯಗಂಧ ರೈಲಿನಲ್ಲಿ ಲೋವರ್ ಬರ್ತ್ ಸಿಕ್ಕಿದರೆ ಕಾಲು ಚಾಚಿ ಮಲಗಬಹುದು. ಬೇಕೆಂದಾಗ ಎದ್ದು ನಾಲ್ಕು ಹೆಜ್ಜೆ ನಡೆಯಬಹುದು. ಮಧ್ಯಾಹ್ನ ಥಾಣೆಯಲ್ಲಿ ಹತ್ತಿ, ಮರುದಿನ ಬೆಳಿಗ್ಗೆ ಮುಲ್ಕಿಯಲ್ಲಿ ಇಳಿಯಿರಿ. ಮುಲ್ಕಿಯಿಂದ ಕಿನ್ನಿಗೋಳಿಗೆ ಎಷ್ಟು ದೂರ ಮಾರಾಯ್ರೇ! ರಿಕ್ಷಾ ಹಿಡಿದರೆ ಮುಗಿಯಿತು.

ಹದಿನೈದು ಹದಿನಾರು ಗಂಟೆ ಅಂತ ಹೆದರಬೇಡಿ. ಅದರಲ್ಲಿ ಎಂಟು ಗಂಟೆ ನಿದ್ದೆ. ಈಗ ಮಳೆಗಾಲವೂ ಅಲ್ಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಜರಿಯುವ ಕಡೆ ರೈಲು ನಿಧಾನ ಓಡಿಸುತ್ತಾರೆ, ಆಗ ಜಾಸ್ತಿ ಹೊತ್ತು ಹಿಡಿಯುತ್ತದೆ.

ನನಗಂತೂ ರತ್ನಾಗಿರಿ ದಾಟಿದ ಮೇಲೆ ಕಿಟಕಿಯ ಗಾಳಿಯ ವಾಸನೆಯೇ ಬದಲಾದ ಹಾಗೆ ಅನಿಸುತ್ತದೆ. ಊರು ಹತ್ತಿರ ಬಂತು ಅಂತ ಮೈಗೆ ತಾನಾಗಿ ಗೊತ್ತಾಗುತ್ತದೆ.


ಥಾಣೆ ನರ್ಸಕ್ಕ
ಸೋಮವಾರ, ಮಧ್ಯಾಹ್ನ 1:30

ಕುಂದಾಪುರದ ತಮ್ಮ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮಲಗಿಕೊಂಡು ಹೋಗುವುದು ಮಂಡಿಗೆ ಒಳ್ಳೆಯದೇ. ಆದರೆ ಹತ್ತುವುದು ಇಳಿಯುವುದು? ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ. ಪ್ಲಾಟ್‌ಫಾರ್ಮ್ ತಗ್ಗಾಗಿದ್ದರೆ ಬೋಗಿಯ ಮೆಟ್ಟಿಲು ಇನ್ನೂ ಎತ್ತರ. ಆಪರೇಷನ್ ಆದ ಕಾಲನ್ನು ಅವಸರದಲ್ಲಿ ಊರಿದರೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಓಡುವ ರೈಲಿನಲ್ಲಿ ರಾತ್ರಿ ಶೌಚಾಲಯಕ್ಕೆ ಹೋಗುವುದನ್ನೂ ಯೋಚಿಸಿ. ನನ್ನ ವಾರ್ಡಿನಲ್ಲಿ ಹಾಗೆ ಬಿದ್ದವರನ್ನು ನೋಡಿದ್ದೇನೆ.

ವಿಮಾನವಾದರೆ ಮೊದಲು ನಿಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಆಮೇಲೆ ಇಷ್ಟು ನೆನಪಿಡಿ. ದಾರಿ ಪಕ್ಕದ ಸೀಟು ತೆಗೆದುಕೊಳ್ಳಿ. ಎಡಗಾಲು ದಾರಿಯ ಕಡೆ ಬರಬೇಕು, ಅಂದರೆ ವಿಮಾನದ ಬಲಭಾಗದ ಸಾಲು. ಆಗ ಸ್ವಲ್ಪ ಚಾಚಬಹುದು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಇರಲಿ. ನೀರು ಕುಡಿಸುತ್ತಾ ಇರಿ, ವಿಮಾನದೊಳಗಿನ ಗಾಳಿ ತುಂಬಾ ಒಣ. ಮಂಡಿಯೊಳಗೆ ಲೋಹ ಕೂರಿಸಿದ್ದರೆ ಸೆಕ್ಯುರಿಟಿಯಲ್ಲಿ ಯಂತ್ರ ಕೂಗುತ್ತದೆ. ಗಾಬರಿಯಾಗಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಕೈಯಲ್ಲಿಟ್ಟುಕೊಂಡು ಮೊದಲೇ ಹೇಳಿಬಿಡಿ.

ನಿಜ ಹೇಳಬೇಕೆಂದರೆ ಆ ಒಂದೂವರೆ ಗಂಟೆ ನಿಮ್ಮ ಚಿಂತೆ ಆಗಬಾರದು. ಡೊಂಬಿವಲಿಯಿಂದ ನಿಲ್ದಾಣಕ್ಕೆ ಕಾರಿನಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಅನ್ನುವುದನ್ನು ನೋಡಿ. ಅದು ವಿಮಾನಕ್ಕಿಂತ ಜಾಸ್ತಿ ಆಗಬಹುದು.


ಡೊಂಬಿವಲಿ ಮಗಳು
ಸೋಮವಾರ, ರಾತ್ರಿ 8:55

ನರ್ಸಕ್ಕ, ನಿಮ್ಮ ಕೊನೆಯ ಸಾಲು ಓದಿ ಬೆಚ್ಚಿದೆ. ನಾನು ಆ ಲೆಕ್ಕವನ್ನೇ ಹಾಕಿರಲಿಲ್ಲ. ನಮ್ಮ ಮನೆಯಿಂದ ಮುಂಬೈ ನಿಲ್ದಾಣಕ್ಕೆ 40 ಕಿಲೋಮೀಟರ್ ಆಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಒಂದೂಕಾಲು ಗಂಟೆ. ಎಂಟು ಗಂಟೆಯ ಮೇಲೆ ಹೊರಟರೆ ಎರಡು, ಎರಡೂವರೆ. ಎರಡು ವರ್ಷದ ಹಿಂದೆ ಅಣ್ಣನ ವಿಮಾನ ಇದೇ ಕಾರಣಕ್ಕೆ ತಪ್ಪಿತ್ತು. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲೇ ಒಂದು ಗಂಟೆ ನಿಂತಿದ್ದ. ಕೌಂಟರ್ ಮುಚ್ಚಿ ಐದು ನಿಮಿಷ ಆಗಿತ್ತು. ಅತ್ತೆ ತೀರಿಕೊಂಡಿದ್ದರು. ಕೊನೆಗೆ ಮುಖ ನೋಡಲು ಆಗಲಿಲ್ಲ ಅನ್ನುವ ನೋವು ಅವನಿಗೆ ಇವತ್ತಿಗೂ ಇದೆ.

ಹೊಸ ನವಿ ಮುಂಬೈ ನಿಲ್ದಾಣ ನಮಗೆ ಹತ್ತಿರ ಆಗುತ್ತದಾ?


ಪನ್ವೇಲ್ ನಿವಾಸಿ
ಸೋಮವಾರ, ರಾತ್ರಿ 9:30

ಡೊಂಬಿವಲಿ, ಕಲ್ಯಾಣ್, ಪನ್ವೇಲ್, ವಾಶಿ ಕಡೆಯವರಿಗೆ ಹತ್ತಿರವೇ. ಉಲ್ವೆ ಬದಿಯಲ್ಲಿದೆ. 2025ರ ಡಿಸೆಂಬರ್ 25ರಿಂದ ಅಲ್ಲಿ ವಿಮಾನ ಸಂಚಾರ ಶುರುವಾಯಿತು. ದಕ್ಷಿಣ ಮುಂಬೈಯವರಿಗೂ ಅಟಲ್ ಸೇತು ಆದ ಮೇಲೆ ಸುಲಭ. ಶಿವಡಿಯಿಂದ ಸಮುದ್ರದ ಮೇಲೆ ಈ ಕಡೆಗೆ ದಾಟುವ ಆ ಸೇತುವೆ 21.8 ಕಿಲೋಮೀಟರ್ ಉದ್ದ. 2024ರ ಜನವರಿಯಲ್ಲಿ ತೆರೆದರು.

ಆದರೆ ಒಂದು ಎಚ್ಚರಿಕೆ. ಈಗ ‘ಮುಂಬೈ’ ಅಂತ ಹುಡುಕಿದರೆ ಎರಡೂ ನಿಲ್ದಾಣದ ವಿಮಾನಗಳು ಬೆರೆತು ಬರುತ್ತವೆ. ಹಳೆಯದರ ಗುರುತು ಬಿಒಎಂ, ಹೊಸದರದು ಎನ್‌ಎಂಐ. ದುಡ್ಡು ಕಟ್ಟುವ ಮೊದಲು ಆ ಮೂರು ಅಕ್ಷರ ನೋಡಿ. ಹೋಗುವಾಗ ಒಂದು, ಬರುವಾಗ ಇನ್ನೊಂದು ಆಗಿರಬಹುದು. ಹಳೆಯ ನಿಲ್ದಾಣವೇ ಆದರೆ ಟರ್ಮಿನಲ್ 1 ಅಥವಾ 2 ಅಂತಲೂ ನೋಡಿ. ನಮ್ಮ ಹಿರಿಯರು ಸಾಂತಾಕ್ರೂಜ್, ಸಹಾರ್ ಅನ್ನುತ್ತಾರಲ್ಲ, ಅವೇ ಅವು. ಒಂದರ ಬಾಗಿಲಿಗೆ ಹೋಗಿ ನಿಂತರೆ ಇನ್ನೊಂದಕ್ಕೆ ನಡೆದು ಹೋಗುವ ಹಾಗಿಲ್ಲ.


ಕಾರವಾರದ ಕಡಲು
ಸೋಮವಾರ, ರಾತ್ರಿ 10:12

ಪನ್ವೇಲ್‌ನವರು ಹೇಳಿದ್ದು ನನಗೆ ನಡೆದೇ ಹೋಗಿದೆ, ಗೋವಾದಲ್ಲಿ. ಕಾರವಾರ, ಅಂಕೋಲಾದವರಿಗೆ ಮಂಗಳೂರಿಗಿಂತ ಗೋವಾ ನಿಲ್ದಾಣವೇ ಅನುಕೂಲ. ಮೊದಲಿನಿಂದ ದಾಬೋಳಿಗೆ ಇಳಿದು, ಮಡಗಾಂವ್ ಮೇಲೆ ಊರಿಗೆ ಹೋಗುತ್ತಿದ್ದೆವು. 2023ರ ಜನವರಿಯಲ್ಲಿ ಮೋಪಾದಿಂದಲೂ ವಿಮಾನ ಶುರುವಾಯಿತು. ಅದು ಪೆಡ್ಣೆ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ತಾಗಿಕೊಂಡು ಇದೆ. ಗೋವಾದ ಒಂದು ತುದಿ. ನಾವು ಹೋಗಬೇಕಾದದ್ದು ಇನ್ನೊಂದು ತುದಿ ದಾಟಿ.

ನಾನು ‘ಗೋವಾ’ ಅಂತ ನೋಡಿ ಟಿಕೆಟ್ ತೆಗೆದೆ. ತಮ್ಮ ಕಾರು ತಂದು ದಾಬೋಳಿಯಲ್ಲಿ ಕಾಯುತ್ತಿದ್ದ. ನಾನು ಮೋಪಾದಲ್ಲಿ. ವಿಮಾನ ಹಾರಿದ್ದು ಒಂದು ಗಂಟೆಯೂ ಇಲ್ಲ, ಕಾರವಾರದ ಮನೆ ಮುಟ್ಟಲು ಮತ್ತೆ ನಾಲ್ಕು ಗಂಟೆ ಬೇಕಾಯಿತು. ಅಮ್ಮ ಮಾಡಿಟ್ಟ ಬಂಗುಡೆ ಸಾರು ಆರಿ ತಣ್ಣಗಾಗಿತ್ತು. ಅಮ್ಮ ಊಟ ಮಾಡದೆ ಕಾದಿದ್ದರು.


ಪೊವಾಯಿ ಹುಡುಗ
ಮಂಗಳವಾರ, ಬೆಳಿಗ್ಗೆ 9:05

ಮೇಷ್ಟ್ರೇ, ಇನ್ನೊಂದು ಕೇಳಲಾ? ಹೋಗುವಾಗಿನ ಸಮಯ, ಬರುವಾಗಿನ ಸಮಯ ಬೇರೆ ಬೇರೆ ಇರುತ್ತದೆ. ಗಾಳಿಯಿಂದ ಅಂತಾರೆ. ನಿಜವಾ?


ಮುಲುಂಡ್ ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 10:30

ಒಳ್ಳೆಯ ಪ್ರಶ್ನೆ. ಗಾಳಿ ಕಾರಣವೇ, ಆದರೆ ಎಲ್ಲ ದಾರಿಗೂ ಅಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ನಮ್ಮ ದೇಶದ ಮೇಲೆ ಬೀಸುವ ದೊಡ್ಡ ಗಾಳಿಗಳು ಪೂರ್ವ–ಪಶ್ಚಿಮ ದಿಕ್ಕಿನವು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಇನ್ನೂ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಕೆಳಗೆ ನಮಗೆ ಮಳೆ ತರುವ ಗಾಳಿ ಪಶ್ಚಿಮದಿಂದ ಬರುತ್ತಿರುತ್ತದೆ, ಮೇಲೆ ಅದಕ್ಕೆ ಪೂರ್ತಿ ಎದುರು ದಿಕ್ಕು. ಇದನ್ನು ಹೇಳಿಕೊಡುವಾಗ ನಿದ್ದೆಗಣ್ಣಿನ ಹುಡುಗರೂ ತಲೆಯೆತ್ತಿ ಕೇಳುತ್ತಿದ್ದರು.

ಆದ್ದರಿಂದ ಮುಂಬೈ–ಕೋಲ್ಕತ್ತಾ ದಾರಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಚೆನ್ನಾಗಿ ವ್ಯತ್ಯಾಸ ಬೀಳುತ್ತದೆ. ಮುಂಬೈ–ಮಂಗಳೂರು ಬಹುಪಾಲು ಉತ್ತರ–ದಕ್ಷಿಣ. ಗಾಳಿ ಪಕ್ಕದಿಂದ ತಾಗುತ್ತದೆ, ಹಿಂದಿನಿಂದ ತಳ್ಳುವುದಿಲ್ಲ, ಮುಂದಿನಿಂದ ತಡೆಯುವುದೂ ಇಲ್ಲ. ಇಲ್ಲಿಯ ವ್ಯತ್ಯಾಸ ಹೆಚ್ಚಾಗಿ ಮುಂಬೈಯ ಸಾಲಿನಿಂದ ಆಗುವುದು. ಬರುವಾಗ ಕೆಲವೊಮ್ಮೆ ಇಳಿಯಲು ಜಾಗ ಸಿಗದೆ ಸುತ್ತು ಹಾಕಿಸುತ್ತಾರೆ.


ಮಾಟುಂಗಾ ಹಳಬ
ಮಂಗಳವಾರ, ಸಂಜೆ 5:45

ನಿಮ್ಮ ಮಾತೆಲ್ಲ ಓದಿದೆ. ನನಗೆ 81. ಟೈಪ್ ಮಾಡಿಕೊಡುತ್ತಿರುವುದು ಮೊಮ್ಮಗಳು.

ನನ್ನ ಅಪ್ಪ ಬೊಂಬಾಯಿಗೆ ಬಂದದ್ದು ಹಡಗಿನಲ್ಲಿ. ಮಂಗಳೂರಿನ ಬಂದರದಲ್ಲಿ ಹತ್ತಿ, ದಾರಿಯ ಬಂದರುಗಳಲ್ಲೆಲ್ಲ ನಿಂತು ನಿಂತು ಬಂದರಂತೆ. ಮಳೆಗಾಲ ಶುರುವಾದರೆ ಅದೂ ಬಂದ್. ಆಗ ಊರಿಂದ ಕಾಗದ ಬಂದರೂ ಹೋಗುವುದಕ್ಕೆ ಆಗುತ್ತಿರಲಿಲ್ಲ. ನಾನು ಬಂದದ್ದು ಬಸ್ಸಿನಲ್ಲಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು. ರೈಲಿನಲ್ಲಿ ಹೋಗುತ್ತೇನೆ ಅಂದರೆ ಕೇರಳ ಸುತ್ತಿ ಬರಬೇಕಿತ್ತು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ಕ್ಕೆ. ಅದರ ಹಿಂದೆ ನಮ್ಮ ಊರಿನವರೇ ಆದ ಜಾರ್ಜ್ ಫರ್ನಾಂಡಿಸ್ ಅವರ ಮತ್ತು ಇಂಜಿನಿಯರ್ ಇ. ಶ್ರೀಧರನ್ ಅವರ ದುಡಿಮೆ ಇದೆ. ಅವರನ್ನು ನಾವು ಮರೆಯಬಾರದು.

ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಲ್ಲಿ ಮೊದಲು ವಿಮಾನ ಇಳಿದದ್ದು 1951ರ ಡಿಸೆಂಬರ್ 25ಕ್ಕೆ. ಡಕೋಟಾ ವಿಮಾನ, ಒಳಗೆ ನೆಹರೂ. ನಾನು ಆಗ ಸಣ್ಣ ಹುಡುಗ. ನವಿ ಮುಂಬೈಯಲ್ಲಿ ಶುರುವಾದದ್ದೂ ಡಿಸೆಂಬರ್ 25ಕ್ಕೆ ಅಂತ ಪನ್ವೇಲ್‌ನವರು ಬರೆದಿದ್ದಾರೆ. ಓದಿ ಖುಷಿಯಾಯಿತು.

ಬಜ್ಪೆ ಗುಡ್ಡದ ತಲೆ ತಟ್ಟಾಗಿ ಮಾಡಿ ಕಟ್ಟಿದ ನಿಲ್ದಾಣ. ಸುತ್ತಲೂ ಕಣಿವೆ. ಮೊದಲಿನ ರನ್‌ವೇ 1,615 ಮೀಟರ್ ಮಾತ್ರ ಇತ್ತು. 2006ರಲ್ಲಿ 2,450 ಮೀಟರಿನದು ಬಂತು. ಮಳೆ ಮಂಜು ದಟ್ಟವಾದ ದಿನ ಅಲ್ಲಿ ಇಳಿಯಲಾಗದೆ ವಿಮಾನ ಬೇರೆ ಊರಿಗೆ ಹೋಗುವುದುಂಟು. ಮಳೆಗಾಲದಲ್ಲಿ ಹೋಗುವವರು ಒಂದು ದಿನ ಮುಂಚೆಯೇ ಹೋಗಿ. ಮದುವೆ, ಬೊಜ್ಜ (ಉತ್ತರಕ್ರಿಯೆ) ಇದ್ದರಂತೂ ಖಂಡಿತ.

ಡೊಂಬಿವಲಿಯ ಮಗಳೇ, ಅಪ್ಪನನ್ನು ವಿಮಾನದಲ್ಲೇ ಕರೆದುಕೊಂಡು ಹೋಗಮ್ಮ. ಅವರು ಈ ದಾರಿಯನ್ನು ಸಾಕಷ್ಟು ಸವೆಸಿದ್ದಾರೆ.


ಕುರ್ಲಾ ಟು ಕುಂದಾಪುರ
ಮಂಗಳವಾರ, ರಾತ್ರಿ 9:15

ಹಿರಿಯರು ಹೇಳಿದ ಮೇಲೆ ನಾನು ಎದುರು ಹೇಳುವುದಿಲ್ಲ. ನರ್ಸಕ್ಕ ಹೇಳಿದ ಮೆಟ್ಟಿಲಿನ ವಿಷಯ ನನಗೆ ಹೊಳೆದಿರಲಿಲ್ಲ. ಅಕ್ಕ, ಹೋಗುವುದು ವಿಮಾನದಲ್ಲೇ ಆಗಲಿ. ಆದರೆ ಬರುವಾಗ ಅವಸರ ಇಲ್ಲದಿದ್ದರೆ ರೈಲು ನೋಡಿ. ಥಾಣೆಯಲ್ಲಿ ಇಳಿಸಿಕೊಳ್ಳಲು ನಾನು ಬರುತ್ತೇನೆ. ಸುಮ್ನೆ ಹೇಳುತ್ತಿಲ್ಲ.


ಡೊಂಬಿವಲಿ ಮಗಳು
ಐದು ವಾರದ ನಂತರ, ಗುರುವಾರ, ಸಂಜೆ 6:20

ನಿಮಗೆಲ್ಲ ಹೇಳಲೇಬೇಕು ಅಂತ ಬಂದೆ. ನಾವು ಹೋದೆವು. ಕೋಲ ಚೆನ್ನಾಗಿ ಆಯಿತು. ಇನ್ನೂ ಊರಲ್ಲೇ ಇದ್ದೇವೆ.

ಹಳೆಯ ನಿಲ್ದಾಣದಿಂದಲೇ ಹೋದೆವು. ನಮಗೆ ಬೇಕಾದ ದಿನ, ಬೇಕಾದ ಹೊತ್ತಿಗೆ ಅಲ್ಲಿಂದಲೇ ಸಿಕ್ಕಿತು. ಮುಂದೆ ಯಾರಿಗಾದರೂ ಉಪಯೋಗ ಆಗಲಿ ಅಂತ ಪ್ರತಿಯೊಂದರ ಸಮಯ ಬರೆದುಕೊಂಡಿದ್ದೇನೆ. ಬೆಳಿಗ್ಗೆ 6:10ಕ್ಕೆ ಮನೆ ಬಿಟ್ಟೆವು. 7:35ಕ್ಕೆ ನಿಲ್ದಾಣದ ಬಾಗಿಲು. ನಡುವೆ ಐರೋಲಿ ದಾಟಿದ ಮೇಲೆ ಒಂದು ಕಡೆ ಕಾರು ನಿಲ್ಲಿಸಿ ಅಪ್ಪನನ್ನು ಐದು ನಿಮಿಷ ನಡೆಸಿದೆ. ವೀಲ್‌ಚೇರಿಗೆ ಹದಿನೈದು ನಿಮಿಷ ಕಾದೆವು. ಮೊದಲೇ ಹೇಳಿದ್ದೆವು, ಆದರೂ ಅಷ್ಟು ಹೊತ್ತಾಯಿತು. ಸೆಕ್ಯುರಿಟಿಯಲ್ಲಿ ಯಂತ್ರ ಕೂಗಿತು. ಕಾಗದ ತೋರಿಸಿದೆ. ಆ ಪೊಲೀಸರು ಅಪ್ಪನ ಕಾಲಿಗೆ ಕೈ ತಾಗಿಸುವ ಮೊದಲು ‘ನೋವಾಗುತ್ತದಾ ಬಾಬಾ’ ಅಂತ ಕೇಳಿದರು.

ವಿಮಾನ ಕದಲಿದ್ದು 9:52ಕ್ಕೆ. ಚಕ್ರ ನೆಲ ಬಿಟ್ಟದ್ದು 10:14. ಬಜ್ಪೆಯಲ್ಲಿ ನೆಲ ಮುಟ್ಟಿದ್ದು 11:20. ನಿಂತದ್ದು 11:26. ಅಂದರೆ ಹಾರಿದ್ದು 1 ಗಂಟೆ 6 ನಿಮಿಷ, ಒಟ್ಟು 1 ಗಂಟೆ 34 ನಿಮಿಷ. ರನ್‌ವೇ ಪಕ್ಕದ ತಮ್ಮ, ನೀವು ಹೇಳಿದ ಹಾಗೆಯೇ ಮುಂಬೈಯ ಸಾಲಿನಲ್ಲೇ 22 ನಿಮಿಷ ಹೋಯಿತು.

ಹೊರಗೆ ಬರುವಾಗ 12 ದಾಟಿತ್ತು. ದಾರಿಯಲ್ಲಿ ಕಟೀಲು ದೇವಸ್ಥಾನದಲ್ಲಿ ನಿಲ್ಲಿಸಲೇಬೇಕು ಅಂದರು ಅಪ್ಪ. ನದಿಯ ನಡುವಿನ ಅಮ್ಮನನ್ನು ನೋಡದೆ ಅವರು ಮನೆ ಹೊಕ್ಕವರಲ್ಲ. ಮನೆ ಮುಟ್ಟುವಾಗ 1:50. ಬಾಗಿಲಿನಿಂದ ಬಾಗಿಲಿಗೆ 7 ಗಂಟೆ 40 ನಿಮಿಷ.

ಕಿಟಕಿಯ ಸೀಟಿನಲ್ಲಿ ನಾನು, ನಡುವೆ ಅಣ್ಣ, ದಾರಿ ಪಕ್ಕ ಅಪ್ಪ. ಇಳಿಯಲು ಸ್ವಲ್ಪ ಹೊತ್ತು ಇರುವಾಗ ಹೊಳೆ, ತೆಂಗಿನ ತೋಟ, ಕೆಂಪು ಮಣ್ಣು ಕಾಣತೊಡಗಿತು. ನಾನು ಹಿಂದಕ್ಕೆ ಒರಗಿ ಅಪ್ಪನಿಗೆ ತೋರಿಸಿದೆ. ಅವರು ಬಾಗಿ ನೋಡಿ, ‘ಇಷ್ಟು ಬೇಗ ಬಂತಾ?’ ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅಜ್ಜಿ ತೀರಿದಾಗ ಅಪ್ಪ ಮುಂಬೈಯ ಫೋರ್ಟಿನ ಹೋಟೆಲಿನಲ್ಲಿ ಇದ್ದರು. ತಂತಿ ಸಿಕ್ಕಿ, ಬಸ್ಸು ಹಿಡಿದು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಅದನ್ನು ಅವರು ನಮಗೆ ಹೇಳಿದ್ದು ಕೋಲದ ರಾತ್ರಿ, ಅಂಗಳದಲ್ಲಿ ಕೂತುಕೊಂಡು.


ರನ್‌ವೇ ಪಕ್ಕದ ಮನೆ
ಗುರುವಾರ, ರಾತ್ರಿ 7:40

ಅಕ್ಕ, ಓದಿ ಕಣ್ಣು ತುಂಬಿತು. ವೀಲ್‌ಚೇರಿಗೆ ಹದಿನೈದು ನಿಮಿಷ ಕಾಯಿಸಬಾರದಿತ್ತು. ಬೆಳಗಿನ ಹೊತ್ತು ಹಿರಿಯರು ತುಂಬಾ ಜನ ಬರುತ್ತಾರೆ, ತಳ್ಳುವವರು ಕಡಿಮೆ. ನೀವು ಎರಡು ಗಂಟೆಗಿಂತ ಮುಂಚೆಯೇ ಬಂದು ನಿಂತದ್ದು ಒಳ್ಳೆಯದಾಯಿತು.


ಥಾಣೆ ನರ್ಸಕ್ಕ
ಗುರುವಾರ, ರಾತ್ರಿ 9:05

ಕಾಲು ಹೇಗಿದೆ? ಬಾವು ಬಂತಾ?


ಡೊಂಬಿವಲಿ ಮಗಳು
ಗುರುವಾರ, ರಾತ್ರಿ 9:20

ಮೊದಲ ದಿನ ಸಂಜೆ ಸ್ವಲ್ಪ ಇತ್ತು ಅಕ್ಕ. ಕಾಲು ಎತ್ತರಕ್ಕೆ ಇಟ್ಟು ಮಲಗಿಸಿದೆ. ಬೆಳಿಗ್ಗೆ ಇಳಿದಿತ್ತು. ಈಗ ದಿನಾ ತೋಟದವರೆಗೆ ನಡೆಯುತ್ತಾರೆ.

ಕುಂದಾಪುರದ ತಮ್ಮ, ಬರುವುದಕ್ಕೆ ಮತ್ಸ್ಯಗಂಧದಲ್ಲೇ ಟಿಕೆಟ್ ಮಾಡಿದ್ದೇವೆ. ಅಪ್ಪನೇ ಹಟ ಹಿಡಿದರು. ಹತ್ತುವುದು ಮುಲ್ಕಿಯಲ್ಲಿ ಅಲ್ಲ, ಮಂಗಳೂರು ಸೆಂಟ್ರಲ್‌ನಲ್ಲಿ. ಅಲ್ಲಿಂದಲೇ ಹೊರಡುವ ರೈಲು ಆದ್ದರಿಂದ ನಿಧಾನವಾಗಿ ಹತ್ತಿಸಬಹುದು. ಲೋವರ್ ಬರ್ತ್ ಸಿಕ್ಕಿದೆ. ಬರುವ ಬುಧವಾರ ಬೆಳಗಿನ ಜಾವ ಥಾಣೆ.


ಕುರ್ಲಾ ಟು ಕುಂದಾಪುರ
ಗುರುವಾರ, ರಾತ್ರಿ 9:24

ಬೋಗಿ ನಂಬರ್ ಕಳಿಸಿ ಅಕ್ಕ. ನಾನು ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ.